ಬೆಳಿಗ್ಗೆ ಕುಡಿದ ಗ್ಯಾಸು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದೇ ಮೊಳೆಗೆ ಎರಡು ವಸ್ತುಗಳು ನೇತಾಡುತ್ತವೆ. ಒಂದು ಪಂಚಾಂಗದ ಕ್ಯಾಲೆಂಡರು. ಅದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಇನ್ನೊಂದು ಎರಡು ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಹಲಗೆ. ಅದು ಬದಲಾಗುವುದಿಲ್ಲ. ಅದರ ಎರಡೂ ಮಗ್ಗುಲಲ್ಲಿ ಸಣ್ಣ ಸಣ್ಣ ಚೌಕಗಳು, ಚೌಕದೊಳಗೆ ಅಂಕಿಗಳು, ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳು, ನಡುವೆ ಬಾಣದ ಗುರುತು. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತೇ ನಿಲ್ಲುತ್ತಾರೆ. ಸಿಲಿಂಡರು ತಂದವರೊಬ್ಬರು ಅದು ವಿಮೆಯ ಕಂತಿನ ಪಟ್ಟಿ ಎಂದರು. ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡು ಯಾವುದೋ ಹಳೆಯ ಪ್ಯಾಸೆಂಜರಿನ ವೇಳಾಪಟ್ಟಿ ಇರಬೇಕೆಂದು ಕನ್ನಡಕ ಹಾಕಿಕೊಂಡು ಅದರಲ್ಲಿ ಅರಸೀಕೆರೆ ಹುಡುಕಿದರು. ನನ್ನ ಹೆಂಡತಿಗೆ ಈ ಚರ್ಚೆಯೆಲ್ಲ ಬೇಕಿಲ್ಲ. ಚಪಾತಿ ಮಣೆಗೆ ಅಂಟಿದ ಹಿಟ್ಟು ಕೆರೆಯಲು ಅಷ್ಟು ಹದವಾದ ಸಾಧನ ರಾಮಕೃಷ್ಣನಗರದಲ್ಲೇ ಇಲ್ಲ ಎನ್ನುತ್ತಾಳೆ.

ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಅದು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವವರ ಕೋಷ್ಟಕ. ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇರಬಹುದು, ಮೇಲೆ ಬಂದು ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು, ಮತ್ತೆ ಇಳಿದರೆ ಎಷ್ಟು ನಿಮಿಷ, ಎಲ್ಲವನ್ನೂ ಅದು ಹೇಳುತ್ತದೆ. ಬಲ್ಲವರು ಡೈವ್ ಟೇಬಲ್ ಅನ್ನುತ್ತಾರೆ. ನಮ್ಮ ಅವ್ವ ಇಟ್ಟ ಹೆಸರು ‘ನೀಲು ಪಂಚಾಂಗ’. ನೀಲು ಎಂದರೆ ನೀಲಾಂಬಿಕೆ, ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ಈಗ ಅವಳು ಗಡಿಯಾರದಂಥ ಪುಟ್ಟ ಕಂಪ್ಯೂಟರನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಇಳಿಯುತ್ತಾಳೆ. ಹಲಗೆ ನನ್ನ ಪಾಲಿಗೆ ಬಂತು. ‘ನಿಂಗೇ ಬೇಕಾಗತ್ತೆ ಕಣಣ್ಣ’ ಎಂದು ಕೊಟ್ಟಳು. ಅದರಲ್ಲಿ ಕುಹಕವಿತ್ತು. ನಾನು ಅದನ್ನು ಯಾವಾಗಲೂ ಹಿಂಭಾಗ ಮುಂದೆ ಕಾಣುವಂತೆ ನೇತುಹಾಕುವುದಕ್ಕೂ ಆ ಕುಹಕಕ್ಕೂ ಸಂಬಂಧವಿದೆ. ಮರ್ಯಾದೆ ಕಳೆದುಕೊಂಡ ಕಥೆ, ನಿಧಾನವಾಗಿ ಹೇಳುತ್ತೇನೆ.

ನಮ್ಮಪ್ಪನಿಗೆ ನಜರ್‌ಬಾದಿನಲ್ಲಿ ಸೋಡಾ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಎಂದ ಕೂಡಲೇ ಚಿಮಣಿ, ಸೈರನ್ನು, ಗೂರ್ಖಾ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಬೀದಿಗೆ ಮುಖ ಮಾಡಿದ ಒಂದು ಕೋಣೆ, ಅದರ ಹಿಂದೆಯೇ ನಮ್ಮ ಮನೆ. ಕೋಣೆಯಲ್ಲಿ ನೀರಿನ ತೊಟ್ಟಿ, ಒಂದಾಳೆತ್ತರದ ಗ್ಯಾಸ್ ಸಿಲಿಂಡರು, ನಡುವೆ ಕೈಯಿಂದ ತಿರುಗಿಸುವ ಯಂತ್ರ. ಆ ಯಂತ್ರದ ತೊಟ್ಟಿಲಿನಲ್ಲಿ ಆರು ಗೋಲಿ ಬಾಟಲಿಗಳನ್ನು ಬಿಗಿದು, ಗ್ಯಾಸು ಬಿಟ್ಟು ಗರಗರ ತಿರುಗಿಸಬೇಕು. ಬಾಟಲಿಗಳು ತಲೆಕೆಳಗಾದಾಗ ಗೋಲಿ ಜಾರಿ ಕತ್ತಿನ ರಬ್ಬರಿಗೆ ಬಂದು ಕೂರುತ್ತದೆ, ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ಒಳಗಿರುವುದು ತಾನೇ ಬಾಗಿಲು ಹಾಕಿಕೊಳ್ಳುವ ಈ ಉಪಾಯ ನೋಡಿ ನಾನು ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ಬಾಯಿಬಿಟ್ಟು ಕೂತಿರುತ್ತಿದ್ದೆ.

ಯಂತ್ರಕ್ಕೆ ಒತ್ತಡ ತೋರಿಸುವ ಮುಳ್ಳು ಇತ್ತಂತೆ. ನಾನು ಹುಟ್ಟುವ ಮೊದಲೇ ಅದು ಯಾವುದೋ ಅಂಕಿಯ ಮೇಲೆ ಮಲಗಿ ಪ್ರಾಣ ಬಿಟ್ಟಿತ್ತು. ಹಾಗಾಗಿ ಅಳತೆಯೆಲ್ಲ ಅಪ್ಪನ ಬಾಯಲ್ಲಿ. ಒಂದು ಸುತ್ತಿಗೆ ಒಂದು ‘ಓಂ ನಮಃ ಶಿವಾಯ’. ಸಾದಾ ಸೋಡಾಕ್ಕೆ ಇಪ್ಪತ್ತೊಂದು, ನಿಂಬೆ ಸೋಡಾಕ್ಕೆ ಹದಿನೆಂಟು. ಬೆಳಗಿನಿಂದ ಸಂಜೆಯವರೆಗೆ ಶಿವನಾಮ ಕೇಳಿ ದಾರಿಯಲ್ಲಿ ಹೋಗುವವರು ಇದ್ಯಾವುದೋ ಮಠವೆಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದದ್ದೂ ಉಂಟು. ಬಂದವರಿಗೆ ಅಪ್ಪ ಸೋಡಾ ಕೊಟ್ಟು ಕಳಿಸುತ್ತಿದ್ದರು.

ಸೋಡಾ ಸಿದ್ದಪ್ಪ ಎಂದರೆ ನಜರ್‌ಬಾದಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಅವರಷ್ಟು ನಿಧಾನವಾಗಿ ಸೋಡಾ ಒಡೆಯುವವರನ್ನು ನಾನು ಕಂಡಿಲ್ಲ. ಹೆಬ್ಬೆರಳಿನಲ್ಲಿ ಗೋಲಿಯನ್ನು ಕೂದಲೆಳೆಯಷ್ಟು ಒತ್ತಿ ‘ಸುಯ್’ ಎನ್ನಿಸುತ್ತಿದ್ದರು. ‘ಉಸಿರು ಬುಡ್ಲಿ, ಉಸಿರು ಬುಡ್ಲಿ’ ಎಂದು ಕಾಯುತ್ತಿದ್ದರು. ಆಮೇಲೆ ಒತ್ತಿದರೆ ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ನಾನು ಒಂದು ದಿನ ಅವರಿಲ್ಲದಾಗ ಬಾಟಲಿಯನ್ನು ಚೆನ್ನಾಗಿ ಕುಲುಕಿ ಒಮ್ಮೆಲೇ ಗುದ್ದಿದೆ. ಅರ್ಧ ಸೋಡಾ ಸೂರಿಗೆ, ಇನ್ನರ್ಧ ನನ್ನ ಮೂಗಿಗೆ. ಅದೇ ನೀರು, ಅದೇ ಗ್ಯಾಸು, ಬಿಡಿಸಿದ ರೀತಿ ಮಾತ್ರ ಬೇರೆ. ಸಮುದ್ರಕ್ಕಿಳಿಯುವವರ ಶಾಸ್ತ್ರವೆಲ್ಲ ಆ ಒಂದು ಬಾಟಲಿಯಲ್ಲಿತ್ತು ಎಂದು ಆಗ ನನಗೆ ಹೇಗೆ ತಿಳಿಯಬೇಕು?

ಅಪ್ಪನ ಎಡಗೈಯಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬೆಳ್ಳನೆಯ ಗಾಯದ ಗುರುತಿತ್ತು. ಆ ಕೈಯ ಎರಡು ಬೆರಳಿಗೆ ಬಿಸಿ ತಂಪು ತಿಳಿಯುತ್ತಿರಲಿಲ್ಲ. ಕೇಳಿದರೆ ‘ಬಾಟ್ಲಿ ಒಡೀತು ಕಣೋ’ ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದರು.

ನಾನು ಬೆಳೆದು ಗಣಿತದ ಮೇಷ್ಟ್ರಾದೆ. ಉತ್ತರ ಸರಿಯಿದ್ದರೂ ನಡುವಿನ ಹಂತ ಬರೆಯದಿದ್ದರೆ ನಿರ್ದಾಕ್ಷಿಣ್ಯವಾಗಿ ಅಂಕ ಕತ್ತರಿಸುತ್ತಿದ್ದೆ. ಹುಡುಗರು ‘ಸ್ಟೆಪ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಒಳಗೊಳಗೆ ನನಗೆ ಅದರಿಂದ ಹೆಮ್ಮೆಯೇ. ನೀಲುವಿಗೆ ಓದು ಅಷ್ಟಕ್ಕಷ್ಟೆ. ಆದರೆ ನೀರಿಗೆ ಬಿಟ್ಟರೆ ಮೀನು. ನಾನೇ ಅವಳನ್ನು ಸರಸ್ವತಿಪುರದ ಈಜುಕೊಳಕ್ಕೆ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವಳು ಆ ದಡದಿಂದ ಈ ದಡಕ್ಕೆ ಇಪ್ಪತ್ತು ಸಲ ಹೋಗಿಬರುವಷ್ಟರಲ್ಲಿ ನಾನು ಆಳವಿಲ್ಲದ ಕಡೆ ಕಬ್ಬಿಣದ ಸರಳು ಹಿಡಿದುಕೊಂಡು ಕಾಲು ಬಡಿಯುತ್ತಿದ್ದೆ. ಒಂದು ಬೇಸಿಗೆ ಪೂರ್ತಿ ಬಡಿದೆ. ಸರಳು ಬಿಡುವ ಧೈರ್ಯ ಬರಲಿಲ್ಲ. ಕೊನೆಗೆ ಕೊಳದ ಕಾವಲಿನವರು, ‘ಸಾರ್, ಸರಳು ಅಲ್ಲಾಡ್ತಾ ಅದೆ, ನೀವು ಬಿಟ್ರೆ ವಾಸಿ’ ಎಂದರು. ನಾನು ಕೊಳವನ್ನೇ ಬಿಟ್ಟೆ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಆ ಕೊಳಕ್ಕೆ ಪೂವಯ್ಯ ಸರ್ ಬಂದರು. ಕೊಡಗಿನವರು, ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ನಿವೃತ್ತರಾಗಿ ಮೈಸೂರಿಗೆ ಬಂದು ನೆಲೆಸಿದ್ದರು. ಎರಡು ಜೊತೆ ಸಿಲಿಂಡರು, ಮುಖವಾಡ, ಕಾಲಿಗೆ ತೊಡುವ ರಬ್ಬರಿನ ಕಪ್ಪೆಗಾಲು ತಂದಿಟ್ಟುಕೊಂಡು ಆಸೆಯಿದ್ದವರಿಗೆ ಕೊಳದಲ್ಲಿ ನೀರೊಳಗಿನ ಉಸಿರಾಟ ಕಲಿಸತೊಡಗಿದರು. ನೀಲು ಮೊದಲ ದಿನವೇ ಕೊಳದ ತಳದಲ್ಲಿ ಪದ್ಮಾಸನ ಹಾಕಿ ಕೂತುಬಿಟ್ಟಳಂತೆ. ದೀಪಾವಳಿ ಕಳೆದ ಮೇಲೆ ಪೂವಯ್ಯ ಸರ್ ನಾಲ್ಕು ಜನರನ್ನು ಲಕ್ಷದ್ವೀಪಕ್ಕೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿ ಸಮುದ್ರದಲ್ಲಿ ಪಾಸಾದರೆ ನೀಲುವನ್ನು ತಮ್ಮ ಜೊತೆ ಕಲಿಸಲು ತೆಗೆದುಕೊಳ್ಳುವುದಾಗಿ ಹೇಳಿದ್ದರು. ಹೋಗುವ ಮೊದಲು ಎರಡು ಕೆಲಸವಾಗಬೇಕಿತ್ತು. ಪುಸ್ತಕದ ಕೊನೆಯಲ್ಲಿರುವ ಕೋಷ್ಟಕದ ಲೆಕ್ಕಗಳನ್ನು ಮಾಡಿಕೊಂಡು ಬರಬೇಕು, ಒಪ್ಪಿಗೆ ಪತ್ರಕ್ಕೆ ಮನೆಯ ಹಿರಿಯರ ಸಹಿ ಬೇಕು.

ನೀಲು ಆ ಪತ್ರವನ್ನು ಅಪ್ಪನ ಮುಂದಿಟ್ಟಳು. ಅಪ್ಪ ಓದಿಸಿ ಕೇಳಿಸಿಕೊಂಡರು.

‘ನೀರಿನ ಮ್ಯಾಲೆ ಎಷ್ಟು ಬೇಕಾದ್ರೂ ಈಜಮ್ಮ. ಬ್ಯಾಡ ಅಂದಿದ್ದೀನಾ? ಗ್ಯಾಸು ಕಟ್ಕೊಂಡು ಒಳಕ್ಕೆ ಇಳಿಯೋದು ಬ್ಯಾಡ.’

‘ಅಪ್ಪಾಜಿ, ಅದು ಗ್ಯಾಸಲ್ಲ. ಬರೀ ಗಾಳಿ.’

‘ಒತ್ತಿದ್ರೆ ಗಾಳಿನೂ ಗ್ಯಾಸೇ ಕಣಮ್ಮ. ಮೂವತ್ತು ವರ್ಷ ಅದ್ರ ಜೊತೆ ಸಂಸಾರ ಮಾಡಿದ್ದೀನಿ. ನಂಬೋ ಜಾತಿ ಅಲ್ಲ ಅದು.’

ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಗದರುವವರಲ್ಲ, ಆದರೆ ಒಮ್ಮೆ ಬೇಡವೆಂದರೆ ಬೇಡ. ಸೋಮವಾರ ಪತ್ರ ಕೊಡಬೇಕಿತ್ತು. ಶನಿವಾರ ನೀಲು, ನಾನು ಹೆಂಡತಿಯೊಡನೆ ಬೇರೆಯಿದ್ದ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವಳು ಅತ್ತರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ‘ಅಣ್ಣ, ಓದು ನಂಗೆ ಹತ್ತಲಿಲ್ಲ. ಟೈಪಿಂಗು, ಹೊಲಿಗೆ ಏನೂ ಹತ್ತಲಿಲ್ಲ. ಇದೊಂದು ಬರುತ್ತೆ ಅನ್ಸತ್ತೆ ಕಣಣ್ಣ’ ಎಂದಳು. ಆಗ ಅವಳಿಗೆ ಇಪ್ಪತ್ತು ವರ್ಷ. ನಾನು ಎದೆಯುಬ್ಬಿಸಿ, ‘ಅಪ್ಪಂಗೆ ವಿಜ್ಞಾನ ಗೊತ್ತಿಲ್ಲ, ಅದಕ್ಕೆ ಭಯ. ನಾಳೆ ನಾನು ತಿಳಿಸಿ ಹೇಳ್ತೀನಿ ಬುಡು’ ಎಂದೆ. ಎಂಥ ಅಹಂಕಾರ!

ಭಾನುವಾರ ಬೆಳಿಗ್ಗೆ ಸೋಡಾ ಕೋಣೆಯಲ್ಲಿ ನನ್ನ ಪಾಠ ಶುರುವಾಯಿತು. ಬಾಟಲಿ ಎಣಿಕೆ ಗೀಚಲು ಅಪ್ಪ ಇಟ್ಟುಕೊಂಡಿದ್ದ ಕರಿಹಲಗೆಯನ್ನು ಒರೆಸಿ ನಿಂತೆ. ಅಪ್ಪ ಮಣೆಯ ಮೇಲೆ ಕೂತು ತೊಳೆದ ಬಾಟಲಿಗಳನ್ನು ಒರೆಸುತ್ತಿದ್ದರು. ಅವ್ವ ಮೊರ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ನೀಲು ಪುಸ್ತಕ, ಪೂವಯ್ಯ ಸರ್ ಕೊಟ್ಟ ಪ್ಲಾಸ್ಟಿಕ್ ಹಲಗೆ ಹಿಡಿದು ನನ್ನ ಪಕ್ಕ.

‘ನಾವು ಉಸಿರಾಡೋ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್’ ಎಂದೆ. ‘ದೇಹಕ್ಕೆ ಅದು ಬೇಡದ ನೆಂಟ. ಬರುತ್ತೆ, ಕೂರುತ್ತೆ, ಹೋಗುತ್ತೆ. ನೆಲದ ಮೇಲೆ ತೊಂದರೆ ಇಲ್ಲ. ಆದರೆ ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದ ಹಾಗೆ, ನೆಲದ ಮೇಲೆ ಎಷ್ಟು ಒತ್ತಡ ಇದೆಯೋ ಅಷ್ಟೇ ಮತ್ತೆ ಮತ್ತೆ ಸೇರುತ್ತೆ. ಒತ್ತಡ ಹೆಚ್ಚಾದ ಹಾಗೆ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲಿನಲ್ಲಿ ಜಾಸ್ತಿ ಕರಗುತ್ತೆ. ನಿಧಾನಕ್ಕೆ ಮೇಲೆ ಬಂದರೆ ಬಂದ ದಾರಿಯಲ್ಲೇ, ಉಸಿರಿನಲ್ಲಿ ಹೊರಟುಹೋಗುತ್ತೆ. ಅವಸರದಲ್ಲಿ ಬಂದರೆ ಇದ್ದಲ್ಲೇ ಗುಳ್ಳೆ ಆಗುತ್ತೆ. ಕೀಲಿನಲ್ಲಾದ್ರೆ ನೋವು. ಬೆನ್ನುಹುರಿಯಲ್ಲಾದ್ರೆ ಕಾಲು ಬಿದ್ದುಹೋಗಬಹುದು.’

‘ಅಂದ್ರೆ ಸೋಡಾ’ ಎಂದರು ಅಪ್ಪ, ತಲೆಯೆತ್ತದೆ.

ನನ್ನ ಹತ್ತು ನಿಮಿಷದ ಪೀಠಿಕೆ ಎರಡು ಪದದಲ್ಲಿ ಮುಗಿಯಿತು. ಆದರೂ ಬಿಡದೆ ಮುಂದುವರಿಸಿದೆ. ನೂರು ವರ್ಷದ ಹಿಂದೆ ವಿಲಾಯಿತಿಯಲ್ಲಿ ಒಬ್ಬ ವಿಜ್ಞಾನಿ ಆಡುಗಳನ್ನು ಕಬ್ಬಿಣದ ಕೋಣೆಯಲ್ಲಿ ಕೂಡಿಹಾಕಿ, ಒತ್ತಡ ಏರಿಸಿ, ಆಮೇಲೆ ಇಳಿಸಿ ನೋಡಿದ ಸಂಗತಿ ಹೇಳಿದೆ. ಒತ್ತಡವನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿದರೆ ಆಡುಗಳಿಗೆ ಏನೂ ಆಗಲಿಲ್ಲ, ಅದಕ್ಕಿಂತ ಹೆಚ್ಚು ಇಳಿಸಿದಾಗ ಕಾಲು ಮಡಿಸಿ ಕುಂಟಿದವು ಎಂದೆ.

‘ಅಯ್ಯೋ ಪಾಪ, ಆ ಆಡು ಏನ್ಮಾಡಿದ್ವೋ ಅವ್ನಿಗೆ?’ ಎಂದಳು ಅವ್ವ. ಆಡುಗಳು ಆಮೇಲೆ ಚೇತರಿಸಿಕೊಂಡವೇ, ಅವಕ್ಕೆ ಮೇವು ಯಾರು ಹಾಕುತ್ತಿದ್ದರು ಎಂದೆಲ್ಲ ವಿಚಾರಿಸಿದಳು. ವಿಜ್ಞಾನದ ಪುಸ್ತಕಗಳಲ್ಲಿ ಈ ಮಾಹಿತಿ ಇರುವುದಿಲ್ಲ.

ಆ ವಿಜ್ಞಾನಿ ಇನ್ನೊಂದು ಜಾಣತನ ಮಾಡಿದ್ದ. ದೇಹವೆಲ್ಲ ಒಂದೇ ವೇಗದಲ್ಲಿ ಗ್ಯಾಸು ಕುಡಿಯುವುದಿಲ್ಲ ಎಂದು ಅದನ್ನು ಕಲ್ಪನೆಯಲ್ಲಿ ಐದು ಪಾಲು ಮಾಡಿದ. ಮೊದಲ ಪಾಲು ಐದು ನಿಮಿಷಕ್ಕೆ ಅರ್ಧ ತುಂಬುತ್ತದೆ, ಮುಂದಿನ ಐದು ನಿಮಿಷಕ್ಕೆ ಉಳಿದರ್ಧದಲ್ಲಿ ಅರ್ಧ, ಹೀಗೆ. ಕೊನೆಯ ಪಾಲಿಗೆ ಅರ್ಧ ತುಂಬಲು ಒಂದೂಕಾಲು ಗಂಟೆ ಬೇಕು. ಐದರಲ್ಲಿ ಯಾವುದೂ ಮಿತಿ ಮೀರದಂತೆ ನೋಡಿಕೊಂಡರೆ ಮನುಷ್ಯ ಸುರಕ್ಷಿತ. ಮುಂದೆ ಬಂದವರು ಪಾಲುಗಳನ್ನು ಹೆಚ್ಚಿಸಿದರು, ಮಿತಿಗಳನ್ನು ತಿದ್ದಿದರು, ಆದರೆ ತಳಪಾಯ ಇದೇ. ಇಷ್ಟನ್ನು ನಾನು ಕರಿಹಲಗೆಯ ಮೇಲೆ ಬೆವರು ಸುರಿಸಿ ಬಿಡಿಸುತ್ತಿದ್ದರೆ ಅವ್ವ ಮೊರ ಕೇರುತ್ತಲೇ, ‘ಅದಕ್ಯಾಕೋ ಇಷ್ಟು ಒದ್ದಾಡ್ತೀಯ? ಅವಲಕ್ಕಿ ಬೇಗ ನೆನೀತದೆ, ಕಡ್ಲೆ ತಡವಾಗಿ ನೆನೀತದೆ. ಒಣಗೋದೂ ಅಂಗೇ. ಸೀರೆ ಒಣಗೋ ಹೊತ್ಗೆ ಕಂಬಳಿ ಒಣಗತ್ತಾ?’ ಎಂದಳು.

ನೀಲು ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಕ್ಕಳು. ಅಪ್ಪನ ಮುಖದಲ್ಲಿ ಮಾತ್ರ ಬದಲಾವಣೆ ಇರಲಿಲ್ಲ.

ಇನ್ನು ಮಾತಿನಿಂದ ಆಗದು, ಲೆಕ್ಕ ಮಾಡಿಯೇ ತೋರಿಸುತ್ತೇನೆ ಎಂದು ನೀಲುವಿನ ಕೈಯಿಂದ ಪ್ಲಾಸ್ಟಿಕ್ ಹಲಗೆ ತೆಗೆದುಕೊಂಡೆ. ಪುಸ್ತಕದ ಮೊದಲ ಪ್ರಶ್ನೆ ಹೀಗಿತ್ತು: ಬೆಳಿಗ್ಗೆ ಹದಿನೆಂಟು ಮೀಟರ್ ಆಳದಲ್ಲಿ ಮೂವತ್ತು ನಿಮಿಷ ಇದ್ದವರು ಮೇಲೆ ಬಂದು ದೋಣಿಯಲ್ಲಿ ಒಂದು ಗಂಟೆ ಕೂರುತ್ತಾರೆ. ಆಮೇಲೆ ಮತ್ತೆ ಹದಿನೆಂಟು ಮೀಟರಿಗೆ ನಲವತ್ತು ನಿಮಿಷ ಇಳಿಯಬಹುದೇ?

ನಾನು ಶಾಲೆಯ ಗತ್ತಿನಲ್ಲಿ ಸೀಮೆಸುಣ್ಣ ಹಿಡಿದೆ. ಹದಿನೆಂಟು ಮೀಟರಿಗೆ ಮಿತಿ ಐವತ್ತೈದು ನಿಮಿಷ. ಮೂವತ್ತು ಅದಕ್ಕಿಂತ ಕಡಿಮೆ, ಆದ್ದರಿಂದ ಕ್ಷೇಮ. ಮೇಲೆ ಬಂದಾಗ ಅವರ ದೇಹದಲ್ಲಿ ಉಳಿದ ಗ್ಯಾಸಿಗೆ ಕೋಷ್ಟಕ ಕೊಡುವ ಗುರುತು ‘ಎಫ್’. ಒಂದು ಗಂಟೆ ಕಾದರೆ ಅದು ‘ಇ’ಗೆ ಇಳಿಯುತ್ತದೆ. ಈಗ ನಲವತ್ತು ನಿಮಿಷ. ನಲವತ್ತೂ ಐವತ್ತೈದಕ್ಕಿಂತ ಕಡಿಮೆ. ‘ಇಳಿಯಬಹುದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನೀಲು ನಂಬಿಕೆಯಿಂದ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು.

ಅಪ್ಪ ಒರೆಸುವುದನ್ನು ನಿಲ್ಲಿಸಿದರು.

‘ಬೆಳಿಗ್ಗೆ ಕುಡಿದ ಗ್ಯಾಸು ಎಲ್ಲಿ ಹೋಯ್ತೋ?’

‘ಹೊರಟೋಯ್ತು ಅಪ್ಪಾಜಿ. ಒಂದು ಗಂಟೆ ದೋಣಿಯಲ್ಲಿ ಕೂತಿದ್ರಲ್ಲ.’

‘ಪೂರ್ತಿ ಹೋಯ್ತಾ?’

ನಾನು ಸೀಮೆಸುಣ್ಣ ನೋಡಿದೆ.

‘ಎಫ್ ಇದ್ದಿದ್ದು ಇ ಆಯ್ತು ಅಂದೆ. ಒಂದು ಮೆಟ್ಲು ಇಳೀತು. ಮೊದಲನೇ ಮೆಟ್ಲು ಯಾವ್ದು?’

‘ಎ.’

‘ಅಂಗಾದ್ರೆ ಎ, ಬಿ, ಸಿ, ಡಿ, ಇ.’ ಅಪ್ಪ ಎಡಗೈಯ ಬೆರಳು ಒಂದೊಂದಾಗಿ ಮಡಿಸಿದರು. ‘ಐದು ಮೆಟ್ಲು ಗ್ಯಾಸು ಇನ್ನೂ ಮೈಯಲ್ಲೇ ಅದೆ. ನೀನು ಖಾಲಿ ಬಾಟ್ಲಿಗೆ ಹಾಕ್ದಂಗೆ ನಲವತ್ತು ನಿಮಿಷ ಹಾಕ್ಬುಟ್ಟಿದ್ದೀಯಲ್ಲೋ ಮೇಷ್ಟ್ರೇ.’

ಅಪ್ಪ ಮಡಿಸಿದ ಆ ಗಾಯದ ಕೈಯನ್ನೇ ನೋಡುತ್ತಿದ್ದರು. ಆಮೇಲೆ, ಯಾರೂ ಕೇಳದೆ, ಹೇಳಿದರು.

‘ಇದು ಅಂಗೇ ಆಗಿದ್ದು. ಆರು ಬಾಟ್ಲಿ ಬಿಗಿದು ತಿರುಗಿಸ್ತಾ ಇದ್ದೆ. ಹನ್ನೆರಡೋ ಹದಿಮೂರೋ ಸುತ್ತಾಗಿತ್ತು, ಸಿಲಿಂಡರು ಖಾಲಿ. ಹೊಸಾದು ತಂದೆ. ಊಟ ಮಾಡ್ದೆ. ಬಂದು ಮತ್ತೆ ಒಂದ್ರಿಂದ ಎಣಿಸ್ದೆ, ಇಪ್ಪತ್ತೊಂದು. ಬಾಟ್ಲಿ ಆಗ್ಲೇ ಅರ್ಧ ಕುಡಿದಿದ್ದು ಮರ್ತೇಬುಟ್ಟೆ. ಬಿಚ್ಚೋವಾಗ ಕೊನೇದು ಕೈಯಲ್ಲೇ ಒಡೀತು. ಬಾಟ್ಲಿ ಗಾಜು ಹಳೇದು ಅಂತ ಎಲ್ರಿಗೂ ಹೇಳ್ದೆ. ನಿಮ್ಮವ್ವಂಗೂ ಅಂಗೇ ಹೇಳ್ದೆ.’

‘ನಂಗೊತ್ತಿತ್ತು ಬುಡಿ’ ಎಂದಳು ಅವ್ವ, ಮೊರದಿಂದ ಕಣ್ಣೆತ್ತದೆ. ‘ಊಟಕ್ಕೆ ಮುಂಚ್ಲೂ ಎಣಿಸಿದ್ದು ಒಳಕ್ಕೆ ಕೇಳಿಸಿತ್ತು, ಊಟ ಆದ್ಮೇಲೂ ಕೇಳಿಸ್ತು. ಯಾಕೆ ಅಂತ ಆಮೇಲೆ ತಿಳೀತು.’

ಇಪ್ಪತ್ತು ವರ್ಷಕ್ಕೂ ಮೀರಿ ಇಬ್ಬರೂ ಅದನ್ನು ಒಳಗಿಟ್ಟುಕೊಂಡು ಬಾಳಿದ್ದರು. ಅಪ್ಪ ಗ್ಯಾಸನ್ನು ನಂಬುವುದಿಲ್ಲ ಎಂದಾಗೆಲ್ಲ ತಮ್ಮನ್ನೇ ತಾವು ನಂಬುವುದಿಲ್ಲ ಎಂದು ಹೇಳುತ್ತಿದ್ದರು. ನನಗೆ ಅದು ಆ ಗಳಿಗೆಯಲ್ಲಿ ತಿಳಿಯಿತು. ಜೊತೆಗೆ ನಾಚಿಕೆಯೂ ಆಯಿತು. ಅವರು ಕೈ ಒಡ್ಡಿ ಕಲಿತದ್ದನ್ನು ನಾನು ತಂಗಿಯ ಕೈಲಿ ತಪ್ಪಾಗಿ ಬರೆಸಿದ್ದೆ. ಇನ್ನು ಸಹಿಯ ಮಾತು ಎತ್ತುವಂತೆಯೇ ಇಲ್ಲ ಎಂದುಕೊಂಡೆ. ನೀಲುವಿನ ಮುಖ ನೋಡಲು ಧೈರ್ಯವಾಗಲಿಲ್ಲ.

ನೀಲು ನನ್ನ ಕೈಯಿಂದ ಪ್ಲಾಸ್ಟಿಕ್ ಹಲಗೆ ಕಿತ್ತುಕೊಂಡಳು. ತಿರುಗಿಸಿದಳು. ಹಿಂದುಗಡೆಯೂ ಕೋಷ್ಟಕವಿತ್ತು! ನಾನು ಅಲ್ಲಿಯವರೆಗೆ ತಿರುಗಿಸಿಯೇ ನೋಡಿರಲಿಲ್ಲ. ಮಕ್ಕಳು ಪ್ರಶ್ನೆಪತ್ರಿಕೆಯ ಹಿಂಭಾಗ ನೋಡದೆ ಎದ್ದುಹೋದಾಗ ನಾನು ಆಡುತ್ತಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು.

‘ಇ ಸಾಲು, ಹದಿನೆಂಟು ಮೀಟರು’ ಎಂದು ನೀಲು ಬೆರಳಿಟ್ಟು ಹುಡುಕಿದಳು. ‘ಮೂವತ್ತು. ಅಪ್ಪಾಜಿ, ಇಲ್ಲಿ ಮೂವತ್ತು ಅಂತ ಅದೆ.’

‘ಏನದು ಮೂವತ್ತು?’

‘ಬೆಳಗಿನ ಗ್ಯಾಸು. ಎರಡ್ನೇ ಸಲ ಇಳಿಯೋಕೆ ಮುಂಚೆನೇ ನಾನು ಮೂವತ್ತು ನಿಮಿಷ ಕೆಳಗಿದ್ದೀನಿ ಅಂತ ಲೆಕ್ಕ ಹಿಡೀಬೇಕು. ಐವತ್ತೈದ್ರಲ್ಲಿ ಮೂವತ್ತು ಹೋದ್ರೆ ಇಪ್ಪತ್ತೈದೇ ಉಳಿಯೋದು. ನಲವತ್ತು ಇಳಿಯಂಗಿಲ್ಲ.’ ಅವಳು ನನ್ನ ಎರಡು ಗೆರೆಯ ಉತ್ತರವನ್ನು ಪುಸ್ತಕದಲ್ಲಿ ಹೊಡೆದುಹಾಕಿದಳು.

ಅಪ್ಪ ಕೈ ಚಾಚಿ ಹಲಗೆ ತೆಗೆದುಕೊಂಡರು. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು. ಮುಂದೆ ನೋಡಿದರು, ಹಿಂದೆ ನೋಡಿದರು. ಒಂದೊಂದು ಅಕ್ಷರದ ಸಾಲಿಗೂ ಬೆರಳೆಳೆದು ‘ಇದು ಉಳಿದಿದ್ದು, ಇದು ಉಳಿದಿದ್ದು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

‘ಮರ್ತಿಲ್ಲ’ ಎಂದರು ಕೊನೆಗೆ.

‘ಯಾರು ಅಪ್ಪಾಜಿ?’

‘ಇದನ್ನ ಮಾಡ್ದೋರು. ನಾನು ಮರ್ತೆ. ನಿಮ್ಮಣ್ಣ, ಇಷ್ಟು ಓದ್ದೋನು, ಮರ್ತ. ಇದು ಮರ್ತಿಲ್ಲ. ಬೆಳಿಗ್ಗೆದು ನೆನಪಿಟ್ಕೊಂಡೇ ಮಧ್ಯಾಹ್ನದ್ದು ಹೇಳ್ತಾ ಅದೆ.’ ಆಮೇಲೆ ನೀಲುವಿನ ಕಡೆ ತಿರುಗಿದರು. ‘ನೀನು ತಿರುಗಿಸಿ ನೋಡ್ದೆ. ಪೆನ್ನು ಕೊಡು.’

ಸಹಿ ಹಾಕುವಾಗ ಒಂದು ಷರತ್ತು ಹಾಕಿದರು. ‘ಲೆಕ್ಕ ಎಲ್ಲ ನೀನೇ ಮಾಡ್ಬೇಕು. ಮೇಷ್ಟ್ರ ಕೈಲಿ ಮಾಡಿಸ್ಬ್ಯಾಡ.’

ಮಾರನೆಯ ದಿನ ಪತ್ರ ಕೊಡಲು ನಾನೂ ಹೋಗಿದ್ದೆ. ಪೂವಯ್ಯ ಸರ್ ಮುಂದೆ ತಪ್ಪೊಪ್ಪಿಕೊಂಡಾಗ ಅವರು ಬೆನ್ನು ತಟ್ಟಿ, ‘ಎಲ್ಲರೂ ಎಡವೋದು ಅದೇ ಲೆಕ್ಕದಲ್ಲಿ ಸರ್. ನಿಮ್ಮ ತಂದೆಯವರನ್ನ ಕರ್ಕೊಂಡು ಬನ್ನಿ, ನನ್ನ ಕೆಲಸ ಅವರಿಗೇ ಕೊಡ್ತೀನಿ’ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ನೀರಿಗೆ ಇಳಿಯುವವರು ಯಾರೆಂದು ಆ ಟೇಬಲ್ಲಿಗೆ ಗೊತ್ತಿಲ್ಲ. ಅವರು ಹಿಂದಿನ ದಿನ ನಿದ್ದೆ ಮಾಡಿದ್ದಾರೆಯೇ, ನೀರು ಕುಡಿದಿದ್ದಾರೆಯೇ, ವಯಸ್ಸೆಷ್ಟು, ಮೈಯಲ್ಲಿ ಕೊಬ್ಬೆಷ್ಟು, ಒಂದೂ ಗೊತ್ತಿಲ್ಲ. ಅದರ ಐದಾರು ಪಾಲುಗಳೂ ಲೆಕ್ಕಕ್ಕಾಗಿ ಮಾಡಿಕೊಂಡವೇ ಹೊರತು ಮನುಷ್ಯನನ್ನು ಕೊಯ್ದರೆ ಸಿಗುವುದಿಲ್ಲ. ಆದ್ದರಿಂದ ಇಪ್ಪತ್ತೈದು ಎಂದರೆ ಇಪ್ಪತ್ತಕ್ಕೇ ಎದ್ದುಬರಬೇಕು. ಬರುವಾಗ ಐದು ಮೀಟರಿನಲ್ಲಿ, ಟೇಬಲ್ಲು ಕೇಳದಿದ್ದರೂ, ಮೂರು ನಿಮಿಷ ನಿಂತು ಉಸಿರಾಡಬೇಕು. ನಾನು ಇದನ್ನು ಅಪ್ಪನಿಗೆ ಹೇಳಿದಾಗ ‘ಉಸಿರು ಬುಡಿಸೋದು’ ಎಂದು ತಲೆಯಾಡಿಸಿದರು.

ದೀಪಾವಳಿಯಾಗಿ ಎರಡು ವಾರಕ್ಕೆ ದ್ವೀಪದಿಂದ ಫೋನು ಬಂತು. ಅವ್ವ ಊಟ, ತಲೆಗೂದಲು, ಬಿಸಿಲು ಎಲ್ಲ ವಿಚಾರಿಸಿದ ಮೇಲೆ ಅಪ್ಪ ರಿಸೀವರು ಹಿಡಿದರು. ಮೀನು, ಹವಳ, ಆಮೆ ಯಾವುದನ್ನೂ ಅವರು ಕೇಳಲಿಲ್ಲ.

‘ಎರಡ್ನೇ ಸಲ ಎಷ್ಟು ನಿಮಿಷ?’

ಅವಳ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು. ‘ಇಪ್ಪತ್ತು, ಅಪ್ಪಾಜಿ. ಹಲಗೆ ಇಪ್ಪತ್ತೈದು ಅಂದಿತ್ತು.’

‘ಮ್ಯಾಲೆ ಬರೋವಾಗ ನಿಂತ್ಕಂಡ್ಯಾ?’

‘ಹಗ್ಗ ಹಿಡ್ಕೊಂಡು ನಿಂತಿದ್ದೆ. ಗಡಿಯಾರ ನೋಡೋಕೆ ಬೇಜಾರಾಯ್ತು, ನಿಮ್ಮಂಗೇ ಎಣಿಸ್ದೆ. ಅರವತ್ತು ಓಂ ನಮಃ ಶಿವಾಯಕ್ಕೆ ಸರಿಯಾಗಿ ಮೂರು ನಿಮಿಷ.’

ಅಪ್ಪ ರಿಸೀವರನ್ನು ನನ್ನ ಕೈಗೆ ಕೊಟ್ಟು ಸೋಡಾ ಕೋಣೆಗೆ ಹೋದರು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ, ನನ್ನದೂ ಆಗಿತ್ತು.

ಪ್ಲಾಸ್ಟಿಕ್ ಬಾಟಲಿಗಳು ಬಂದಮೇಲೆ ಗೋಲಿ ಸೋಡಾ ಕೇಳುವವರು ಕಡಿಮೆಯಾದರು. ಎರಡು ಸಾವಿರದ ಮೂರರಲ್ಲಿ ಅಪ್ಪ ಯಂತ್ರಕ್ಕೆ ಕೊನೆಯ ಸಲ ಎಣ್ಣೆ ಹಾಕಿ, ಗೋಣಿಚೀಲ ಹೊದಿಸಿ, ವಿಭೂತಿ ಹಚ್ಚಿದರು. ಮಂಕಾಗಿ ಕೂರುತ್ತಾರೇನೋ ಎಂದು ನಾವು ಹೆದರಿದ್ದೆವು. ಹಾಗಾಗಲಿಲ್ಲ. ನೀಲು ಆಗಲೇ ಪೂವಯ್ಯ ಸರ್ ಜೊತೆ ಭಾನುವಾರಗಳಂದು ಕೊಳದಲ್ಲಿ ಕಲಿಸುತ್ತಿದ್ದಳು. ಅಪ್ಪ ಛತ್ರಿ ಹಿಡಿದು ಹೋಗಿ ಕಲ್ಲುಬೆಂಚಿನ ಮೇಲೆ ಕೂರತೊಡಗಿದರು. ಕಲಿಯಲು ಬಂದವರು ಕೋಷ್ಟಕದ ಲೆಕ್ಕದಲ್ಲಿ ಎಡವಿದರೆ ನೀಲು ಅವರನ್ನು ಬೆಂಚಿನ ಬಳಿ ಕಳಿಸುತ್ತಿದ್ದಳು. ‘ಬೆಳಿಗ್ಗೆದು ಏನಾಯ್ತಪ್ಪ?’ ಎಂದು ಅಪ್ಪ ಶುರುಮಾಡುತ್ತಿದ್ದರು. ಕಾಲೇಜು ಓದಿದವರು, ಡಾಕ್ಟರುಗಳು, ಏಳನೇ ಕ್ಲಾಸು ಓದಿದ ಅಪ್ಪನ ಮುಂದೆ ಒದ್ದೆ ಮೈಯಲ್ಲಿ ನಿಂತು ತಲೆ ಕೆರೆದುಕೊಳ್ಳುವುದನ್ನು ನೋಡಿ ನನ್ನ ಅವಮಾನ ಸ್ವಲ್ಪ ಆರಿತು.

ಮುಂದಿನ ವರ್ಷ ಒಂದು ಭಾನುವಾರ ಅಪ್ಪ ಬೆಂಚಿನಿಂದ ಎದ್ದು ಶರ್ಟು ಬಿಚ್ಚಿದರು. ‘ಒಂದ್ಸಲ ನೋಡ್ತೀನಮ್ಮ’ ಎಂದರು. ಆಗ ಅವರಿಗೆ ಅರವತ್ತೆರಡು. ಪೂವಯ್ಯ ಸರ್ ನಾಡಿ ಹಿಡಿದು, ಎದೆ, ಕಿವಿ ಎಲ್ಲ ವಿಚಾರಿಸಿ ಹೂಂ ಎಂದರು. ಕೊರಳಿನ ಲಿಂಗದ ಕರಡಿಗೆಯನ್ನು ಅಪ್ಪ ತೆಗೆಯಲಿಲ್ಲ, ದಾರ ಗಿಡ್ಡ ಮಾಡಿ ಎದೆಗೆ ಬಿಗಿದುಕೊಂಡರು. ನೀಲು ಬೆನ್ನಿಗೆ ಸಿಲಿಂಡರು ಕಟ್ಟಿ, ಕೈ ಹಿಡಿದು ಆಳವಿಲ್ಲದ ಕಡೆ ಇಳಿಸಿದಳು. ನಾನು ಹಳೆಯ ಸ್ನೇಹಿತನಂಥ ಆ ಕಬ್ಬಿಣದ ಸರಳು ಹಿಡಿದು ದಡದಲ್ಲಿ ನಿಂತಿದ್ದೆ. ನೀರಿನ ಕೆಳಗೆ ಅಪ್ಪ ಮಂಡಿಯೂರಿ ಕೂತಿದ್ದರು. ಅವರ ಉಸಿರು ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತಿತ್ತು. ನಾಲ್ಕು ನಿಮಿಷವಿರಬೇಕು. ನನಗೆ ನಾಲ್ಕು ಪೀರಿಯಡ್ಡಿನಷ್ಟು ಉದ್ದವಾಗಿತ್ತು.

ನೀಲು ಮೇಲಕ್ಕೆ ಎಂದು ಹೆಬ್ಬೆರಳು ತೋರಿಸಿದಳು. ಅಪ್ಪ ಎದ್ದರು. ತಲೆ ನೀರಿನ ಮೇಲೆ ಬರಲು ಇನ್ನೊಂದು ಗೇಣು ಇದ್ದಂತೆ ಏಣಿ ಹಿಡಿದು ನಿಂತುಬಿಟ್ಟರು. ಅಲ್ಲಿ ಆಳ ಒಂದೂವರೆ ಮೀಟರು. ಅಷ್ಟಕ್ಕೆ ನಿಲ್ಲುವ ಯಾವ ಅಗತ್ಯವೂ ಇಲ್ಲ. ನೀಲು ತೋಳು ಹಿಡಿದು ಸನ್ನೆ ಮಾಡಿದಳು. ಅಪ್ಪ ಎಡಗೈ ಎತ್ತಿ ತಡೆ ಎಂದರು. ಬೆಳ್ಳನೆಯ ಗುರುತಿನ ಆ ಕೈ ನೀರಿನಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಮುಖವಾಡದೊಳಗೆ ಕಣ್ಣು ಮುಚ್ಚಿತ್ತು. ಅವರು ಎಣಿಸುತ್ತಿದ್ದಾರೆ ಎಂದು ನಮಗಿಬ್ಬರಿಗೂ ಗೊತ್ತಾಯಿತು. ನಾನೂ ದಡದಲ್ಲಿ ನಿಂತು ಅರವತ್ತರವರೆಗೆ ಎಣಿಸಿದೆ.

ಮೇಲೆ ಬಂದು ಮುಖ ಒರೆಸಿಕೊಂಡ ಅಪ್ಪನಿಗೆ ‘ಎಂಗಿತ್ತು ಅಪ್ಪಾಜಿ?’ ಎಂದೆ.

‘ಇಷ್ಟು ವರ್ಷ ಬಾಟ್ಲಿಗೆ ಹೊರಗಿಂದ ತುಂಬಿದ್ದೆ ಕಣೋ. ಇವತ್ತು ಒಳಗೋಗಿ ನೋಡ್ಕೊಂಡು ಬಂದೆ’ ಎಂದರು. ಆಮೇಲೆ ನೀಲುವನ್ನು ಕೇಳಿದರು: ‘ಇನ್ನೊಂದ್ಸಲ ಇಳಿಯೋಕೆ ಎಷ್ಟು ಹೊತ್ತು ಕಾಯ್ಬೇಕಮ್ಮ?’

ಕಾಯಬೇಕಾಗಿಯೇ ಇರಲಿಲ್ಲ. ಆದರೆ ನೀಲು ನಗಲಿಲ್ಲ. ಚೀಲದಿಂದ ಹಲಗೆ ತೆಗೆದಳು, ತಿರುಗಿಸಿದಳು, ಒದ್ದೆ ಬೆರಳಿಟ್ಟು ಸಾಲು ಹುಡುಕತೊಡಗಿದಳು.